ಪೋಕರ್ ಖಾತೆಗೆ ದುಡ್ಡು: ಡೆಬಿಟ್ ಕಾರ್ಡ್ ಹೋಗುತ್ತಿಲ್ಲ, ಕ್ರೆಡಿಟ್ ಕಾರ್ಡ್ ಹೋಯಿತು, ಬಿಲ್ ನೋಡಿ ತಲೆ ಕೆಟ್ಟಿದೆ

ಸುಂಟಿಕೊಪ್ಪದ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 27 ವರ್ಷ. ಸುಂಟಿಕೊಪ್ಪದ ಹತ್ತಿರ ಒಂದು ಹೋಂಸ್ಟೇಯಲ್ಲಿ ಕೆಲಸ. ಮನೆಯಲ್ಲಿ ನಾಲ್ಕು ಎಕರೆ ಕಾಫಿ ಇದೆ, ಅದನ್ನು ಅಪ್ಪ ನೋಡಿಕೊಳ್ಳುತ್ತಾರೆ. ಮೂರು ವರ್ಷ ಫೋನಲ್ಲಿ ಪೋಕರ್ ಆಡಿದ್ದೇನೆ. ನಮ್ಮ ದೇಶದ್ದೇ ಆ್ಯಪ್. ಡೆಬಿಟ್ ಕಾರ್ಡಿಂದ ಒಂದು ಸಲಕ್ಕೆ 500, ಜಾಸ್ತಿ ಅಂದರೆ 1000 ಹಾಕುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಹೊಸ ಕಾಯ್ದೆ ಬಂತಲ್ವಾ, ಆಗ ಆ ಆ್ಯಪ್ ದುಡ್ಡಿನ ಆಟ ನಿಲ್ಲಿಸಿತು. ಉಳಿದಿದ್ದ ದುಡ್ಡು ನನ್ನ ಖಾತೆಗೆ ವಾಪಸ್ ಬಂತು, ಅದರಲ್ಲಿ ಏನೂ ತಕರಾರಿಲ್ಲ.

ಆಮೇಲೆ ಮೈಸೂರಿನ ಗೆಳೆಯ ಒಬ್ಬ ಹೊರದೇಶದ ಸೈಟ್ ಒಂದನ್ನು ಹೇಳಿದ. ಅಲ್ಲಿ ಡೆಬಿಟ್ ಕಾರ್ಡ್ ಮೂರು ಸಲ ಹಾಕಿದೆ, ಮೂರು ಸಲವೂ ಡಿಕ್ಲೈನ್. ನಾಲ್ಕನೇ ಸಲ ಕ್ರೆಡಿಟ್ ಕಾರ್ಡ್ ಹಾಕಿದೆ. ಹೋಂಸ್ಟೇಯ ಏನೋ ಬುಕಿಂಗ್ ಕೆಲಸಕ್ಕೆ ಅಂತ ಆ ಕಾರ್ಡಲ್ಲಿ ಹೊರದೇಶದ ಬಳಕೆ ಮೊದಲೇ ಆನ್ ಮಾಡಿಟ್ಟಿದ್ದೆ. ಒಟಿಪಿ ಕೂಡ ಕೇಳಲಿಲ್ಲ, 20,000 ಹೋಗಿಬಿಟ್ಟಿತು. ಆಟ ಚೆನ್ನಾಗೇ ನಡೆಯಿತು, ಈಗ ಆ ಖಾತೆಯಲ್ಲಿ 32,000 ಚಿಲ್ಲರೆ ತೋರಿಸುತ್ತಿದೆ.

ಮೊನ್ನೆ ಕಾರ್ಡಿನ ಬಿಲ್ ಬಂತು. 20,000 ಇರಬೇಕಾದ ಕಡೆ 22,301 ಇದೆ! ಬೇರೆ ಏನೂ ಖರೀದಿ ಮಾಡಿಲ್ಲ. ಮಧ್ಯೆ ಆರು ಸಾಲು ಏನೇನೋ ಚಾರ್ಜು ಹಾಕಿದ್ದಾರೆ. ಇತ್ತ ದುಡ್ಡು ತೆಗೆಯೋಕೆ ಅರ್ಜಿ ಹಾಕಿ 11 ದಿನ ಆಯಿತು, ಇನ್ನೂ ಪೆಂಡಿಂಗ್ ಅಂತಲೇ ಇದೆ. ಕೇಳಿದರೆ ಟೆಲಿಗ್ರಾಂನಲ್ಲಿ ಒಬ್ಬ ಹೇಳುತ್ತಾನೆ, ಕಾರ್ಡ್ ನಿಧಾನ, ಇನ್ನು ಮೇಲೆ ನಾವು ಕೊಡುವ ಯುಪಿಐ ಐಡಿಗೆ ಹಾಕಿ, 20 ಶೇಕಡಾ ಬೋನಸ್ ಕೊಡುತ್ತೇವೆ, ತೆಗೆಯುವಾಗಲೂ ಯುಪಿಐಯಲ್ಲೇ ಬರುತ್ತದೆ ಅಂತ.

ಡೆಬಿಟ್ ಕಾರ್ಡ್ ಯಾಕೆ ಹೋಗಲಿಲ್ಲ, ಅದನ್ನು ಸರಿ ಮಾಡಿಸಬಹುದಾ? ಯುಪಿಐಗೆ ಹಾಕಿದರೆ ತೊಂದರೆ ಇದೆಯಾ? ಆ 32,000 ಹೇಗೆ ತೆಗೆಯೋದು? ಅಪ್ಪನಿಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಕುಶಾಲನಗರ ಬ್ಯಾಂಕ್:

ನಾನು 22 ವರ್ಷ ಬ್ಯಾಂಕಿನಲ್ಲಿದ್ದೆ, ಕೊನೆಯ ಏಳು ವರ್ಷ ಕಾರ್ಡ್ ದೂರುಗಳನ್ನೇ ನೋಡುತ್ತಿದ್ದೆ. ನಿಮ್ಮ ಬಿಲ್ ನೋಡದೆಯೇ ಆ ಆರು ಸಾಲು ಏನು ಅಂತ ಹೇಳಬಲ್ಲೆ. ಪೆನ್ನು ತಗೊಂಡು ಕೂತು ನನ್ನ ಜೊತೆ ಕೂಡಿಸಿ.

ದುಡ್ಡು ಡಾಲರಲ್ಲಿ ಹೋಗಿದೆ. ಹಾಗಾಗಿ ವಿದೇಶಿ ಕರೆನ್ಸಿ ಚಾರ್ಜು 3.5 ಶೇಕಡಾ, 20,000ಕ್ಕೆ 700. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, 126. ಆಮೇಲೆ ನಗದು ಮುಂಗಡದ ಶುಲ್ಕ 2.5 ಶೇಕಡಾ, 500. ಅದಕ್ಕೂ ಜಿಎಸ್‌ಟಿ, 90. ಆಮೇಲೆ ಬಡ್ಡಿ ತಿಂಗಳಿಗೆ 3.75 ಶೇಕಡಾ, 750. ಅದಕ್ಕೂ ಜಿಎಸ್‌ಟಿ, 135. ಒಟ್ಟು 2,301. ಸರಿ ಹೋಯಿತಾ?

ನಗದು ಮುಂಗಡ ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಕಾರ್ಡ್ ಎಲ್ಲಿ ಉಜ್ಜಿದರೂ ಆ ಅಂಗಡಿಗೆ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಜೂಜು, ಬೆಟ್ಟಿಂಗ್‌ಗೆ 7995. ವಾಲೆಟ್, ಕರೆನ್ಸಿ ಬದಲಾವಣೆ ಇಂಥ ನಗದಿಗೆ ಸಮ ಅನ್ನುವಂಥದ್ದಕ್ಕೆ 6051. ನಿಮ್ಮ ಬಿಲ್ಲಿನಲ್ಲಿ ಆ ಸೈಟಿನ ಹೆಸರು ಇರಲಾರದು, ಬೇರೆ ಯಾವುದೋ ಕಂಪನಿ ಹೆಸರಿರುತ್ತದೆ, ನೋಡಿ. ಮಧ್ಯೆ ಒಂದು ವಾಲೆಟ್ ಇಟ್ಟುಕೊಂಡು ದುಡ್ಡು ದಾಟಿಸಿದ್ದಾರೆ. ಈ ಕೋಡುಗಳಿಗೆ ಹೋದ ದುಡ್ಡನ್ನು ಬ್ಯಾಂಕು ಖರೀದಿ ಅಂತ ಲೆಕ್ಕ ಹಾಕೋದಿಲ್ಲ. ನೀವು ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನೋಟು ತೆಗೆದ ಹಾಗೆಯೇ ಲೆಕ್ಕ. ಅಂಗಡಿಯಲ್ಲಿ ಸಾಮಾನು ತಗೊಂಡರೆ 45 ದಿನದವರೆಗೂ ಬಡ್ಡಿ ಇಲ್ಲದೆ ಇರುತ್ತದಲ್ಲ, ಆ ಸೌಲಭ್ಯ ಇಲ್ಲಿ ಒಂದು ದಿನಕ್ಕೂ ಇಲ್ಲ. ನೀವು ಬಟನ್ ಒತ್ತಿದ ಕ್ಷಣದಿಂದ ಬಡ್ಡಿ ಓಡುತ್ತದೆ. ಕಾರ್ಡ್ ಹಾಕಿ ಇನ್ನೂ ಒಂದು ಕೈ ಎಲೆ ಹಂಚಿಲ್ಲ, ಅಷ್ಟರಲ್ಲೇ 1,416 ರೂಪಾಯಿ ಹೋಗಿತ್ತು. ಬಡ್ಡಿ ಅದರ ಮೇಲೆ.

ಇನ್ನು ಮಿನಿಮಮ್ ಡ್ಯೂ ಅಂತ ಕೆಳಗೆ ಸಾವಿರದ ಚಿಲ್ಲರೆ ಬರೆದಿರುತ್ತಾರೆ. ದಯವಿಟ್ಟು ಅದನ್ನು ಮಾತ್ರ ಕಟ್ಟಿ ಸುಮ್ಮನಾಗಬೇಡಿ. ಅದು ಕಟ್ಟಿದರೆ ಲೇಟ್ ಫೀ ಬೀಳೋದಿಲ್ಲ, ಅಷ್ಟೇ. ಉಳಿದದ್ದಕ್ಕೆ ವರ್ಷಕ್ಕೆ 45 ಶೇಕಡಾ ಲೆಕ್ಕದಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎಷ್ಟು ಜನ ಮೇಷ್ಟ್ರುಗಳು, ಡ್ರೈವರ್‌ಗಳು, ಎಸ್ಟೇಟ್ ರೈಟರ್‌ಗಳು ನನ್ನ ಟೇಬಲ್ ಮುಂದೆ ಕೂತು "ಸರ್, ಪ್ರತಿ ತಿಂಗಳೂ ಕಟ್ಟಿದ್ದೇನೆ, ಸಾಲ ಯಾಕೆ ಇಳಿದಿಲ್ಲ" ಅಂತ ಕೇಳಿದ್ದಾರೆ. ನನಗೆ ಆಗಲೂ ಸಂಕಟ ಆಗುತ್ತಿತ್ತು, ಈಗಲೂ ಆಗುತ್ತದೆ.

ಡೆಬಿಟ್ ಕಾರ್ಡ್ ಯಾಕೆ ಹೋಗಲಿಲ್ಲ ಅಂದರೆ, ಅದು ಕೆಟ್ಟಿಲ್ಲ. 2020ರಿಂದ ಕೊಡುವ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ನಾವೇ ಆನ್ ಮಾಡುವವರೆಗೂ ಆಫ್ ಇರುತ್ತದೆ, ಅದು ರಿಸರ್ವ್ ಬ್ಯಾಂಕಿನ ನಿಯಮ. ಅದರ ಮೇಲೆ ಜೂಜಿನ ಕೋಡನ್ನು ಬ್ಯಾಂಕುಗಳೇ ತಡೆಯುತ್ತವೆ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇಂಥದ್ದಕ್ಕೆ ಇಲ್ಲಿಂದ ಹೊರಗೆ ದುಡ್ಡು ಕಳಿಸುವ ಹಾಗಿಲ್ಲ ಅಂತ ವಿದೇಶಿ ವಿನಿಮಯದ ನಿಯಮದಲ್ಲಿ 2000ನೇ ಇಸವಿಯಿಂದಲೇ ಇದೆ. ನಿಮ್ಮ ಡೆಬಿಟ್ ಕಾರ್ಡ್ ಮೂರು ಸಲ ನಿಮ್ಮನ್ನು ತಡೆಯಿತು ಅಂತ ತಿಳಿದುಕೊಳ್ಳಿ. ಅದನ್ನು ಸರಿ ಮಾಡಿಸಲು ಹೋಗಬೇಡಿ.

ಇವತ್ತೇ ಮಾಡಬೇಕಾದ ಒಂದು ಕೆಲಸ ಇದೆ. ಬ್ಯಾಂಕ್ ಆ್ಯಪ್ ತೆಗೆದು ಕ್ರೆಡಿಟ್ ಕಾರ್ಡಿನ ಹೊರದೇಶದ ಬಳಕೆ ಆಫ್ ಮಾಡಿ, ಆಮೇಲೆ ಆ ಕಾರ್ಡನ್ನೇ ಬ್ಲಾಕ್ ಮಾಡಿಸಿ. ಒಟಿಪಿ ಇಲ್ಲದೆ ಒಂದು ಸಲ 20,000 ಎಳೆದವರ ಹತ್ತಿರ ನಿಮ್ಮ ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ ಎಲ್ಲ ಇದೆ. ನಮ್ಮ ದೇಶದ ಸೈಟುಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ 2022ರ ಅಕ್ಟೋಬರ್‌ನಿಂದ ನಿಯಮ ಇದೆ. ಆ ಹೊರದೇಶದವರನ್ನು ಕೇಳುವವರು ಯಾರು?

ಸುಂಟಿಕೊಪ್ಪದ ಹುಡುಗ:

ಸರ್, ತುಂಬಾ ಥ್ಯಾಂಕ್ಸ್. ಲೆಕ್ಕ ಒಂದು ರೂಪಾಯಿ ಕೂಡ ವ್ಯತ್ಯಾಸ ಇಲ್ಲ, ಆರು ಸಾಲೂ ಅದೇ. ಬಿಲ್ಲಿನಲ್ಲಿ ಹೆಸರು ಕೂಡ ಬೇರೆಯೇ ಇದೆ, ನೀವು ಹೇಳಿದ ಮೇಲೆ ನೋಡಿದೆ. ಕಾರ್ಡ್ ಈಗಷ್ಟೇ ಬ್ಲಾಕ್ ಮಾಡಿಸಿದೆ.

ಹಾಗಾದರೆ ತಪ್ಪಾಗಿದ್ದು ಕ್ರೆಡಿಟ್ ಕಾರ್ಡ್ ಹಾಕಿದ್ದು ಮಾತ್ರ ಅಲ್ವಾ? ಮೊದಲಿನ ಹಾಗೆ ಡೆಬಿಟ್ ಆದರೆ ನಮ್ಮದೇ ದುಡ್ಡು, ಸಾಲದ ಮಾತೇ ಇಲ್ಲ.

ಪೊನ್ನಂಪೇಟೆ ತೋಟ:

ತಮ್ಮ, ಡೆಬಿಟ್ ಅಂದರೆ ನಮ್ಮದೇ ದುಡ್ಡು ಅಂತ ಬರೆದಿದ್ದೀಯಲ್ಲ, ನಾನು ಜಾರಿದ್ದು ಅಲ್ಲೇ. ನಾನು ಇದನ್ನು ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ನಿನ್ನ ವಯಸ್ಸು ನೋಡಿ ಬರೆಯುತ್ತಿದ್ದೇನೆ.

ನನ್ನದು ಏಳು ಎಕರೆ ರೋಬಸ್ಟಾ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ 3 ಲಕ್ಷ. ಆ ಸಾಲಕ್ಕೆ ಬ್ಯಾಂಕಿನವರು ಒಂದು ರುಪೇ ಕಾರ್ಡ್ ಕೊಡುತ್ತಾರೆ. ನೋಡೋಕೆ ಡೆಬಿಟ್ ಕಾರ್ಡ್ ಥರವೇ ಇರುತ್ತದೆ, ಎಟಿಎಂಗೆ ಹಾಕಿದರೆ ದುಡ್ಡು ಬರುತ್ತದೆ. ಕೈಯಲ್ಲಿ ಹಿಡಿದರೆ ನಮ್ಮದೇ ದುಡ್ಡು ಅನ್ನಿಸುತ್ತದೆ. ಆದರೆ ಅದು ಗೊಬ್ಬರಕ್ಕೆ, ಕೂಲಿಗೆ, ಡೀಸೆಲ್‌ಗೆ ಅಂತ ಕೊಟ್ಟ ಸಾಲ.

2024ರ ಜನವರಿ. ಕುಯ್ಲು ನಡೆಯುತ್ತಿತ್ತು. ಕಣದಲ್ಲಿ ಕಾಫಿ ಹರವಿದ್ದೆವು, ಆ ವರ್ಷ ರೇಟ್ ಏರುತ್ತಿದ್ದ ಕಾರಣ ಕಳ್ಳತನದ ಭಯ ಜಾಸ್ತಿ, ಹಾಗಾಗಿ ರಾತ್ರಿ ಕಾವಲಿಗೆ ನಾನೇ ಕೂರುತ್ತಿದ್ದೆ. ಟಾರ್ಪಾಲು ಮುಚ್ಚಿ, ಪಕ್ಕದಲ್ಲಿ ಬೆಂಕಿ ಹಾಕಿಕೊಂಡು, ಕಂಬಳಿ ಹೊದ್ದು ಕೂತರೆ ಬೆಳಗಾಗುವವರೆಗೂ ಮಾಡೋಕೆ ಏನೂ ಇಲ್ಲ. ನಮ್ಮ ಕಡೆ ಮನೆಯೊಳಗೆ ನೆಟ್‌ವರ್ಕ್ ಸಿಗೋದಿಲ್ಲ, ಕಣದ ಆ ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಬರುತ್ತದೆ. ಅಲ್ಲಿ ಶುರುವಾಯಿತು. ಮೊದಲ ವಾರ 500, 1000. ಆಗ ಹಾಕಿದ ದುಡ್ಡಿಗೇ 28 ಶೇಕಡಾ ಜಿಎಸ್‌ಟಿ ಇತ್ತು. 1000 ಹಾಕಿದರೆ 219 ತೆರಿಗೆಗೆ, ಅದನ್ನು ಬೋನಸ್ ಅಂತ ವಾಪಸ್ ತೋರಿಸುತ್ತಿದ್ದರು, ಹಾಗಾಗಿ ಹೋಗಿದ್ದು ಗೊತ್ತೇ ಆಗುತ್ತಿರಲಿಲ್ಲ. ಎರಡನೇ ವಾರಕ್ಕೆ ನನ್ನ ಉಳಿತಾಯ ಖಾತೆ ಖಾಲಿ. ಪರ್ಸಲ್ಲಿ ಇನ್ನೊಂದು ಕಾರ್ಡ್ ಇತ್ತು. ಅದೇ ಈ ಕಾರ್ಡು.

ರಾತ್ರಿ ಎರಡು ಗಂಟೆ, ಮೂರು ಗಂಟೆಗೆ ಒಟಿಪಿ ಬರುತ್ತಿತ್ತು. 3,000. 5,000. 5,000. 10,000. ಆ ಮೆಸೇಜುಗಳನ್ನು ಅಳಿಸಿಲ್ಲ, ಈಗಲೂ ಫೋನಲ್ಲಿವೆ. ಫೆಬ್ರವರಿ ಕೊನೆಗೆ ಕೂಡಿಸಿದರೆ 1,80,000.

ಈಗ ಕೇಳು, ನಿಜವಾದ ನಷ್ಟ ಆಮೇಲಿನದು. ಮಾರ್ಚ್‌ಗೆ ನಮ್ಮ ಕಡೆ ಹೂಮಳೆ ಬರಲಿಲ್ಲ. ರೋಬಸ್ಟಾಕ್ಕೆ ಆ ಹೊತ್ತಿಗೆ ಒಂದು ಇಂಚು ಮಳೆಯಾದರೂ ಬೇಕು, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು ಅಂತ ನಿನಗೇ ಗೊತ್ತಿದೆ. ಕೆರೆಯಲ್ಲಿ ನೀರಿತ್ತು. ಡೀಸೆಲ್‌ಗೆ, ಬಾಡಿಗೆ ಸೆಟ್‌ಗೆ, ಪೈಪು ಎಳೆಯುವ ಹುಡುಗರ ಕೂಲಿಗೆ ಅಂತ ಇಟ್ಟ ದುಡ್ಡು ಇರಲಿಲ್ಲ. ಅವರಿವರ ಹತ್ತಿರ ಕೇಳಿ ಎರಡು ಎಕರೆಗೆ ಮಾತ್ರ ನೀರು ಹೊಡೆದೆ. ವಾರ ಕಳೆದ ಮೇಲೆ ಪಕ್ಕದ ತೋಟ ಬೆಳಿಗ್ಗೆ ಎದ್ದು ನೋಡಿದರೆ ಪೂರ್ತಿ ಬೆಳ್ಳಗೆ, ಆ ವಾಸನೆ ನಮ್ಮ ಅಂಗಳದವರೆಗೂ ಬರುತ್ತಿತ್ತು. ನಮ್ಮ ಐದು ಎಕರೆಯಲ್ಲಿ ಮೊಗ್ಗು ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಿ ಕರಟಿತು. ಕೈಯಲ್ಲಿ ತಿಕ್ಕಿದರೆ ಪುಡಿ. ಮುಂದಿನ ವರ್ಷ ಕಾಫಿಗೆ ಅಂಥ ರೇಟ್ ಇದ್ದಾಗ ನಮ್ಮ ಮನೆಗೆ ಬಂದಿದ್ದು ಅರ್ಧಕ್ಕಿಂತ ಕಡಿಮೆ ಚೀಲ.

ಸಾಲವನ್ನು ಅವಧಿಯೊಳಗೆ ಕಟ್ಟಿದ್ದರೆ ಬಡ್ಡಿ 4 ಶೇಕಡಾ ಬೀಳುತ್ತಿತ್ತು. ತಪ್ಪಿತು, ರಿಯಾಯಿತಿ ಹೋಯಿತು. ಹೆಂಡತಿಯ ಬಳೆ ಅಡ ಇಟ್ಟು ನವೀಕರಣ ಮಾಡಿಸಿದೆ. ಈ ಪುತ್ತರಿ ಹಬ್ಬಕ್ಕೆ ಬಿಡಿಸಿಕೊಂಡೆ.

ಅದಕ್ಕೇ ಹೇಳಿದ್ದು, ಕಾರ್ಡಿನ ಮೇಲೆ ಡೆಬಿಟ್ ಅಂತ ಬರೆದಿದೆಯಾ ಕ್ರೆಡಿಟ್ ಅಂತ ಬರೆದಿದೆಯಾ ಅಂತ ನೋಡಬೇಡ. ಆ ದುಡ್ಡಿಗೆ ಮುಂದೆ ಏನು ಕೆಲಸ ಇದೆ ಅಂತ ನೋಡು.

ವಿರಾಜಪೇಟೆ ಇಸ್ಪೀಟು:

ನಾನು ಆಟದ ಪರವಾಗಿ ಒಂದು ಮಾತು ಹೇಳಬೇಕು. ಪೋಕರ್ ಬರೀ ಜೂಜು ಅಂತ ಎಲ್ಲರೂ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ. ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಪೋಕರನ್ನು ಕೌಶಲದ ಆಟ ಅಂತ ಆಡುವುದಾದರೆ ಲೈಸೆನ್ಸ್ ಬೇಕಿಲ್ಲ ಅಂದಿತ್ತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಆಟ ನಿಷೇಧಿಸಿದಾಗ 2022ರ ಫೆಬ್ರವರಿ 14ಕ್ಕೆ ಅದೇ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಾನು ಹತ್ತು ವರ್ಷದಿಂದ ಆಡುತ್ತಿದ್ದೇನೆ, ಪುಸ್ತಕ ಇಟ್ಟು ಲೆಕ್ಕ ಬರೆದಿದ್ದೇನೆ, ಕಲಿತವನಿಗೂ ಕಲಿಯದವನಿಗೂ ವ್ಯತ್ಯಾಸ ಇದ್ದೇ ಇದೆ.

ಆದರೆ ಆಟ ಚೆನ್ನಾಗಿ ಗೊತ್ತಿರುವ ಯಾರನ್ನಾದರೂ ಕೇಳಿ, ಮೊದಲು ಕಲಿಸುವ ಪಾಠ ಬ್ಯಾಂಕ್‌ರೋಲ್. ಒಂದು ಟೇಬಲ್‌ಗೆ ಕೂರುವ ದುಡ್ಡಿನ 20-30 ಪಟ್ಟು ಪಕ್ಕಕ್ಕೆ ಇಟ್ಟಿರಬೇಕು, ಅದು ಪೂರ್ತಿ ಹೋದರೂ ಮನೆಯ ಅಕ್ಕಿ ನಿಲ್ಲಬಾರದು. 20,000 ಸಾಲ ಮಾಡಿ ಕೂತವನು ಮೊದಲ ಕೈಯಿಂದಲೇ ಹೆದರಿ ಆಡುತ್ತಾನೆ. ಇಲ್ಲದಿದ್ದರೆ ಹೋದದ್ದನ್ನು ವಾಪಸ್ ತರೋಕೆ ಅಂತ ಕೈಯಲ್ಲಿ ಏನೂ ಇಲ್ಲದೆಯೂ ದುಡ್ಡು ತಳ್ಳುತ್ತಾನೆ. ಎರಡೂ ಸೋಲುವ ದಾರಿಯೇ. ಇನ್ನೊಂದು, ಒಂದೊಂದು ಕೈಗೆ ಎಲ್ಲರೂ ಕಟ್ಟಿದ ದುಡ್ಡಿಗೆ ಪಾಟ್ ಅನ್ನುತ್ತಾರೆ, ಸೈಟ್ ಪ್ರತಿ ಪಾಟ್‌ನಿಂದ ರೇಕ್ ಅಂತ ಕತ್ತರಿಸುತ್ತದೆ, ಸುಮಾರು 5 ಶೇಕಡಾ. ಅದನ್ನು ದಾಟಿ ಲಾಭ ಮಾಡುವುದೇ ಕಷ್ಟ. ಮೇಲೆ ಬ್ಯಾಂಕಿನವರು ಹೇಳಿದ ಹಾಗೆ ಶುರುವಿಗೇ 7 ಶೇಕಡಾ ಚಾರ್ಜು, ತಿಂಗಳಿಗೆ 3.75 ಬಡ್ಡಿ, ಅದಕ್ಕೆ ಜಿಎಸ್‌ಟಿ. ಇದನ್ನೆಲ್ಲ ಗೆದ್ದು ದಾಟುವ ಆಟಗಾರ ನಮ್ಮ ಜಿಲ್ಲೆಯಲ್ಲಿ ಇಲ್ಲ, ನಾನಂತೂ ಅಲ್ಲ.

ಹೊಸ ಕಾಯ್ದೆ ಬಂದಮೇಲೆ ನಾನು ದುಡ್ಡಿಗೆ ಆಡುವುದು ಬಿಟ್ಟೆ. ಬೇಜಾರಿದೆ, ಸುಳ್ಳು ಹೇಳೋದಿಲ್ಲ. ಈಗ ಚಿಪ್ಸ್ ಇಟ್ಟುಕೊಂಡು ಭಾನುವಾರ ಮನೆಯಲ್ಲೇ ನಾಲ್ಕು ಜನ ಕೂರುತ್ತೇವೆ, ದುಡ್ಡಿಲ್ಲ.

ಮಡಿಕೇರಿ ಅಕ್ಕ:

ಯುಪಿಐ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಆ ಐಡಿಗೆ ಒಂದು ರೂಪಾಯಿ ಕೂಡ ಹಾಕಬೇಡ, ಅಲ್ಲಿಂದ ಒಂದು ರೂಪಾಯಿ ತಗೊಳ್ಳಲೂ ಬೇಡ.

ನನ್ನ ತಮ್ಮ ಇದೇ ಥರ ಒಂದು ಸೈಟಿನಲ್ಲಿ ಆಡುತ್ತಿದ್ದ. ಪ್ರತಿ ಸಲ ಬೇರೆ ಬೇರೆ ಹೆಸರಿಗೆ ಯುಪಿಐ. ಒಂದು ಸಲ ಹಣ್ಣಿನ ಅಂಗಡಿ, ಒಂದು ಸಲ ಮೊಬೈಲ್ ರಿಪೇರಿ, ಒಂದು ಸಲ ಯಾವುದೋ ಹೆಂಗಸಿನ ಹೆಸರು. ಅವೆಲ್ಲ ಬಾಡಿಗೆಗೆ ತಗೊಂಡ ಖಾತೆಗಳು. ಒಂದು ದಿನ ಅವನು ಗೆದ್ದ 14,000 ತೆಗೆದ. ಬಂತು, ಕುಣಿದಾಡಿದ. ಒಂಬತ್ತು ದಿನ ಆದಮೇಲೆ ಖಾತೆ ಫ್ರೀಜ್.

ಏನಾಗಿತ್ತು ಅಂದರೆ, ಆ 14,000 ಬೇರೆ ರಾಜ್ಯದಲ್ಲಿ ಯಾರೋ ಒಬ್ಬರಿಗೆ ಮೋಸ ಮಾಡಿ ಕಿತ್ತ ದುಡ್ಡು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದಾರೆ. ದುಡ್ಡು ಎಲ್ಲೆಲ್ಲಿ ದಾಟಿತೋ ಆ ಖಾತೆಗಳನ್ನೆಲ್ಲ ಪೊಲೀಸರು ಬ್ಯಾಂಕಿಗೆ ಹೇಳಿ ತಡೆಹಿಡಿಸುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳೋದಿಲ್ಲ, ಯಾರದೋ ಮನೆಯ ದುಡ್ಡು ಅದು. ಆದರೆ ಆ ಖಾತೆ ತಮ್ಮ ಮತ್ತು ಅಮ್ಮ ಇಬ್ಬರ ಜಂಟಿ ಖಾತೆ. ಕರಿಮೆಣಸು ಮಾರಿದ ದುಡ್ಡು ಅದಕ್ಕೇ ಬಿದ್ದಿತ್ತು. ಶನಿವಾರ ಬಟವಾಡೆ. ಲೈನ್ ಮನೆಯ ಹನ್ನೊಂದು ಜನ ಸಂಜೆ ಜಗುಲಿ ಮುಂದೆ ಬಂದು ನಿಂತಿದ್ದಾರೆ, ಅಮ್ಮ ಎಟಿಎಂನಿಂದ ಬರಿಗೈಯಲ್ಲಿ ವಾಪಸ್ ಬಂದರು. ನಲವತ್ತು ವರ್ಷದಲ್ಲಿ ಅಮ್ಮ ಒಂದು ವಾರವೂ ಕೂಲಿ ತಪ್ಪಿಸಿದವರಲ್ಲ. ಅವತ್ತು ಆ ಹೆಂಗಸರಿಗೆ ಏನು ಹೇಳಬೇಕು ಅಂತ ಗೊತ್ತಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮಡಿಕೇರಿಯಿಂದ ದುಡ್ಡು ತಗೊಂಡು ಹೋಗುವಷ್ಟರಲ್ಲಿ ರಾತ್ರಿ ಎಂಟೂವರೆ.

ಖಾತೆ ಬಿಡಿಸಲು ನಾಲ್ಕು ತಿಂಗಳು ಬೇಕಾಯಿತು. ಬೇರೆ ರಾಜ್ಯದ ಠಾಣೆಗೆ ಮೇಲ್, ಫೋನು, ಕೊನೆಗೆ ತಮ್ಮನೇ ಹೋಗಿ ಹೇಳಿಕೆ ಕೊಟ್ಟು ಬಂದ.

ಮತ್ತೆ, ನಿದ್ದೆ ಬರದೆ ಇದೇ ಯೋಚನೆ ಆಗುತ್ತಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ್ದು, ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ. ತಮ್ಮನಿಗೆ ಅದರಿಂದ ಉಪಯೋಗ ಆಯಿತು.

ಸೋಮವಾರಪೇಟೆ ಕಾನೂನು:

ಕಾಯ್ದೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಕೌಶಲವೋ ಅದೃಷ್ಟವೋ ಅನ್ನುವ ವಾದಕ್ಕೆ ಈ ಕಾಯ್ದೆಯಲ್ಲಿ ಜಾಗ ಇಲ್ಲ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಅಂದರೆ ಮುಗಿಯಿತು. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ದುಡ್ಡು ದಾಟಿಸುವವರಿಗೂ ಅಷ್ಟೇ ಶಿಕ್ಷೆ. ಜಾಹೀರಾತು ಮಾಡಿದರೆ ಎರಡು ವರ್ಷ, 50 ಲಕ್ಷ. ಸುಮ್ನೆ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ, ಹಾಗಾಗಿ ಹುಡುಗ ಹೆದರಿ ದೂರು ಕೊಡದೇ ಇರಬಾರದು. ಕಂಪನಿಯವರು ನಮ್ಮ ಹೈಕೋರ್ಟಿಗೂ ಹೋದರು, ಆ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಹತ್ತಿರವೇ ತರಿಸಿಕೊಂಡಿತು.

ಒಂದು ಎಚ್ಚರಿಕೆ. ನಿನ್ನ ಖಾತೆಯನ್ನು ಅವರಿಗೆ ದುಡ್ಡು ದಾಟಿಸೋಕೆ ಕೊಟ್ಟರೆ ನೀನು ಆಟಗಾರ ಆಗಿ ಉಳಿಯೋದಿಲ್ಲ. ಕಮಿಷನ್ ಕೊಡುತ್ತೇವೆ ಅಂತ ಮುಂದೆ ಕೇಳಿಯೇ ಕೇಳುತ್ತಾರೆ, ಒಪ್ಪಬೇಡ.

ಸುಂಟಿಕೊಪ್ಪದ ಹುಡುಗ:

ಎಲ್ಲರಿಗೂ ಉತ್ತರ ಕೊಡಲು ಎರಡು ದಿನ ತಡವಾಯಿತು, ಕ್ಷಮಿಸಿ. ಪೊನ್ನಂಪೇಟೆ ಅಣ್ಣ, ನಿಮ್ಮದನ್ನು ಮೂರು ಸಲ ಓದಿದೆ. ನಮ್ಮ ಮನೆಯಲ್ಲೂ ಆ ಕಾರ್ಡ್ ಇದೆ, ಅಪ್ಪನ ಹೆಸರಲ್ಲಿ, ಪಿನ್ ನನಗೆ ಗೊತ್ತು. ಅಪ್ಪನಿಗೆ ಫೋನ್ ಬ್ಯಾಂಕಿಂಗ್ ಬರೋದಿಲ್ಲ ಅಂತ ನಾನೇ ನೋಡಿಕೊಳ್ಳುತ್ತಿದ್ದೆ.

ನಿನ್ನೆ ಆ ಟೆಲಿಗ್ರಾಂನವನು ಹೊಸದು ಶುರು ಮಾಡಿದ. 32,000 ಬಿಡುಗಡೆ ಮಾಡಬೇಕಾದರೆ ಮೊದಲು 30 ಶೇಕಡಾ ಟಿಡಿಎಸ್ ಅಂತ 9,600 ಕಟ್ಟಬೇಕಂತೆ, ಯುಪಿಐಯಲ್ಲೇ. ಟಿಡಿಎಸ್ 30 ಶೇಕಡಾ ಅಂತ ನಾನೂ ಕೇಳಿದ್ದೇನೆ. ಇದು ನಿಜವಾ ಸರ್?

ಕುಶಾಲನಗರ ಬ್ಯಾಂಕ್:

ಸುಳ್ಳು. ಪೂರ್ತಿ ಸುಳ್ಳು. ಕಟ್ಟಬೇಡಿ.

ಟಿಡಿಎಸ್ ಅನ್ನೋದು ಕೊಡುವ ದುಡ್ಡಿನಲ್ಲೇ ಹಿಡಿದುಕೊಳ್ಳುವ ತೆರಿಗೆ, ಹೆಸರೇ ಅದು. ನಮ್ಮ ದೇಶದ ಆ್ಯಪ್‌ಗಳು 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಶೇಕಡಾ ಹಾಗೆಯೇ ಹಿಡಿಯುತ್ತಿದ್ದವು. ನಿಮ್ಮ ಕೈಯಿಂದ ಮುಂಚೆ ದುಡ್ಡು ಕಟ್ಟಿಸಿಕೊಂಡು ಆಮೇಲೆ ಕೊಡುವ ಪದ್ಧತಿ ಎಲ್ಲೂ ಇಲ್ಲ. ಲೆಕ್ಕವೂ ತಪ್ಪಿದೆ ನೋಡಿ. ನಿವ್ವಳ ಗೆಲುವು ಅಂದರೆ ನೀವು ಹಾಕಿದ 20,000 ಕಳೆದು ಉಳಿದ 12,000. ಅದರ 30 ಶೇಕಡಾ 3,600. ಅವನು ಪೂರ್ತಿ 32,000ಕ್ಕೆ ಹಾಕಿದ್ದಾನೆ. ನೀವು 9,600 ಕಟ್ಟಿದರೆ ನಾಳೆ ಇನ್ನೊಂದು ಶುಲ್ಕ ಹೇಳುತ್ತಾನೆ.

ನೋವಾಗಬಹುದು, ಆದರೂ ಹೇಳಬೇಕು. ಪರದೆ ಮೇಲಿನ ಆ 32,000 ದುಡ್ಡಲ್ಲ, ಅವರು ಬರೆದ ಅಂಕಿ. ಟೆಲಿಗ್ರಾಂ ಮಾತುಕತೆ, ಆ ಯುಪಿಐ ಐಡಿಗಳು, ಕಾರ್ಡ್ ಬಿಲ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದರ ನಂಬರ್ ಬರೆದಿಟ್ಟುಕೊಳ್ಳಿ.

ಮೊದಲ 20,000ಕ್ಕೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಹಾಕಬಹುದಾ ಅಂತ ಮುಂದೆ ಕೇಳುತ್ತೀರಿ. ನಾನು ಮಾಡೇ ಇಲ್ಲ ಅಂತ ಬರೆದುಕೊಡಬೇಡಿ. ಗೊತ್ತಿಲ್ಲದೆ ಯಾರೋ ಎಳೆದ ದುಡ್ಡಿಗೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ನಿಯಮ ಇದೆ, ನಿಜ. ಆದರೆ ಅದು ನೀವೇ ನಂಬರ್ ಹಾಕಿ ಕಳಿಸಿದ್ದಕ್ಕೆ ಅನ್ವಯ ಆಗೋದಿಲ್ಲ. ಇದ್ದದ್ದು ಇದ್ದ ಹಾಗೆ ಬರೆದು ಬ್ಯಾಂಕಿಗೆ ಕೊಡಿ. ಸಿಕ್ಕರೆ ಸಿಕ್ಕಿತು.

22,301ಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ?

ಸುಂಟಿಕೊಪ್ಪದ ಹುಡುಗ:

ನಿನ್ನೆ ರಾತ್ರಿ ಅಪ್ಪನಿಗೆ ಹೇಳಿದೆ. ಅವರು ಮೆಣಸು ತೂಗಿ ಚೀಲ ಹೊಲಿಯುತ್ತಿದ್ದರು. ಬಿಲ್ ಕೈಗೆ ಕೊಟ್ಟು, ಸರ್ ಬರೆದ ಆ ಆರು ಸಾಲನ್ನು ಓದಿ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ದಬ್ಬಣ ಹಿಡಿದುಕೊಂಡೇ ಕೂತಿದ್ದರು. ಆಮೇಲೆ, "ನನ್ನ ಕಾರ್ಡ್ ಎಲ್ಲಿದೆ" ಅಂತ ಕೇಳಿದರು. ತಂದು ಕೊಟ್ಟೆ. ಇವತ್ತು ಬೆಳಿಗ್ಗೆ ಇಬ್ಬರೂ ಎಟಿಎಂಗೆ ಹೋಗಿ ಪಿನ್ ಬದಲಾಯಿಸಿಕೊಂಡು ಬಂದೆವು, ಹೊಸದು ನನಗೆ ಗೊತ್ತಿಲ್ಲ.

ನನ್ನ ಸಂಬಳದಲ್ಲಿ 14,000 ಇತ್ತು, ಉಳಿದದ್ದು ಹೋಂಸ್ಟೇ ಮಾಲೀಕರ ಹತ್ತಿರ ಮುಂಗಡ ಕೇಳಿದೆ, ಕೊಟ್ಟರು. ಪೂರ್ತಿ ಕಟ್ಟಿದೆ. 1930ಕ್ಕೂ ಬರೆಸಿದೆ. ಟೆಲಿಗ್ರಾಂ ತೆಗೆದುಹಾಕಿದೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಮೈಸೂರಿನ ಗೆಳೆಯನಿಗೂ ಈ ಮಾತುಗಳನ್ನೆಲ್ಲ ಕಳಿಸಿದೆ, ಅವನದ್ದೂ 11,000 ಅಲ್ಲೇ ಸಿಕ್ಕಿಹಾಕಿಕೊಂಡಿದೆಯಂತೆ, ಇಲ್ಲಿವರೆಗೆ ನನಗೂ ಹೇಳಿರಲಿಲ್ಲ.

ಕ್ರೆಡಿಟ್ ಕಾರ್ಡ್ ಪೂರ್ತಿ ಕ್ಲೋಸ್ ಮಾಡಬೇಕು ಅಂತಿದ್ದೇನೆ. ಹೇಗೆ ಸರ್?

ಕುಶಾಲನಗರ ಬ್ಯಾಂಕ್:

ಒಳ್ಳೆಯದು ಮಾಡಿದಿರಿ, ಅಪ್ಪನಿಗೆ ಹೇಳಿದ್ದು ಇನ್ನೂ ಒಳ್ಳೆಯದು.

ಈಗಲೇ ಕ್ಲೋಸ್‌ಗೆ ಹಾಕಬೇಡಿ, ಮುಂದಿನ ಬಿಲ್ ಬರಲಿ. ನೀವು ಕಟ್ಟಿದ ದಿನದವರೆಗಿನ ಬಡ್ಡಿ ಸ್ವಲ್ಪ ಅದರಲ್ಲಿ ಬರುತ್ತದೆ, ಗಾಬರಿ ಬೇಡ, ಅದನ್ನು ಕಟ್ಟಿ ಬಾಕಿ ಸೊನ್ನೆ ಮಾಡಿ. ಆಮೇಲೆ ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬರವಣಿಗೆಯಲ್ಲಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು, ರಿಸರ್ವ್ ಬ್ಯಾಂಕಿನ 2022ರ ನಿಯಮ. ಸ್ಪಂದಿಸದಿದ್ದರೆ 30 ದಿನ ಕಾದು, ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಫೋನ್ 14448.

ಮುಚ್ಚಿದ ಪತ್ರ ಬಂದಮೇಲೆ ಪ್ರಿಂಟ್ ತೆಗೆದು ಅಪ್ಪನ ಫೈಲಿನಲ್ಲಿ ಇಡಿ. ಎರಡು ತಿಂಗಳು ಬಿಟ್ಟು ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ರಿಪೋರ್ಟಿನಲ್ಲಿ ಆ ಕಾರ್ಡ್ ಕ್ಲೋಸ್ಡ್ ಅಂತ ಬಂದಿದೆಯಾ ನೋಡಿ, ವರ್ಷಕ್ಕೊಂದು ರಿಪೋರ್ಟ್ ಉಚಿತ. ಬಂದಿಲ್ಲ ಅಂದರೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.